ಕತ್ತೆಮರಿ ತಿರುಗಿ ಬಂದ ಬಗೆ

"ಹೊಳೆ ಸೇತುವೆಯ ಮೇಲೇರಿ ಬರುತ್ತಿತ್ತು. ಹುಡುಗಿ ಕತ್ತೆಮರಿಯ ಹಗ್ಗ ಬಿಡಲಿಲ್ಲ. ಹಗ್ಗವೇ ತುಂಡಾಯಿತು..." ಇಷ್ಟು ಓದಿ ತಂಗಿ ಕಣ್ಣೆತ್ತಿದಳು. "ಕೇಳಿಸ್ತಿದೆಯಾ ಅಕ್ಕಾ? ಚೆನ್ನಾಗಿರೋದು ಈಗ ಬರುತ್ತೆ, ತಡಿ."

"ಆಯ್ತು," ಅಂದಳು ಅಕ್ಕ.

ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಬಲಗಾಲು ಬಿದ್ದುಹೋದ ಮೇಲೆ ಅಕ್ಕನ ಬಾಯಲ್ಲಿ ಉಳಿದದ್ದು ಆ ಒಂದೇ ಮಾತು. ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು. ಹೊಲಿಗೆ ಯಂತ್ರಗಳ ಸದ್ದನ್ನೂ ಮೀರಿಸಿ ಗಿರಾಕಿಗಳ ಜೊತೆ ಜಗಳ ಕಾಯುತ್ತಿದ್ದ ಬಾಯಿ ಅದು. ಅವಳ ಅಂಗಡಿಯಲ್ಲಿ ಚೌಕಾಸಿ ಮಾಡಿ ಗೆದ್ದವರಿಲ್ಲ. ಎಲ್ಲವೂ ಅವಳಿಗೆ ತಿಳಿಯುತ್ತದೆ, ಹೇಳಬೇಕಾದ್ದು ಒಳಗೇ ಇದೆ, ಹೊರಬರುವ ದಾರಿ ಮುಚ್ಚಿದೆ ಎಂದು ಮಾತು ಕಲಿಸಲು ಬರುವ ಡಾಕ್ಟರಮ್ಮ ಹೇಳಿದ್ದರು. "ಚಿಕ್ಕಂದಿನಲ್ಲಿ ಬಾಯಿಪಾಠ ಆಗಿರೋದು ಏನಾದ್ರೂ ಓದಿ ಹೇಳಿ. ಕೆಲವರಿಗೆ ಅದರ ಹಿಂದೇನೇ ಒಂದೆರಡು ಮಾತು ಬರುತ್ತೆ. ಬರದೇನೂ ಇರಬಹುದು."

ಚಿಕ್ಕಂದಿನದು ಎಂದರೆ ಕತ್ತೆಮರಿ ಪುಸ್ತಕವೇ. ಅಮ್ಮ ತೀರಿಕೊಂಡ ವರ್ಷ, ತಂಗಿಗೆ ಇನ್ನೂ ಅಕ್ಷರ ಬಾರದಾಗ, ಅಕ್ಕ ದಿನಾ ಅದನ್ನು ಓದಿ ಹೇಳುತ್ತಿದ್ದಳು. ಹೊಳೆಯಲ್ಲಿ ಕೊಚ್ಚಿಹೋದ ಕತ್ತೆಮರಿ ತಿರುಗಿ ಬರುವವರೆಗೂ ತಂಗಿ ಉಸಿರು ಬಿಗಿಹಿಡಿದಿರುತ್ತಿದ್ದಳು. ದಿನಾ ಬರುತ್ತಿತ್ತು, ಆದರೂ ದಿನಾ ಹೆದರಿಕೆ. ಮುಂದೆ ಮದುವೆಯಾಗಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ, ಕೆಮ್ಮಿನ ಔಷಧಿಗೆ ಬಂದ ತಾಯಂದಿರಿಗೆಲ್ಲ ಅವಳು ಆ ಪುಸ್ತಕವನ್ನೂ ಸೇರಿಸಿಯೇ ಶಿಫಾರಸು ಮಾಡುತ್ತಿದ್ದಳು. "ಹೋದದ್ದು ತಿರುಗಿ ಬರುತ್ತೆ ಅಂತ ಮಕ್ಕಳಿಗೆ ಒಂದ್ಸಲ ಗೊತ್ತಾಗ್ಬೇಕು ಕಣ್ರೀ. ಆಮೇಲೆ ಏನು ಬಂದ್ರೂ ತಡ್ಕೋತವೆ."

"ಇವಳು ಓದಿರೋದು ಒಂದೇ ಪುಸ್ತಕ, ಅದೂ ಅಕ್ಕನ ಕಣ್ಣಲ್ಲಿ," ಎಂದು ಗಂಡ ಛೇಡಿಸುತ್ತಿದ್ದ. ಛೇಡಿಸಿದವನೇ ಈಗ ಹಳೆ ಪುಸ್ತಕದಂಗಡಿಗಳ ಧೂಳು ಕುಡಿದು ಒಂದು ಪ್ರತಿ ತಂದುಕೊಟ್ಟಿದ್ದ. ಮನೆಯಲ್ಲಿದ್ದದ್ದು, ತಂಗಿ ಶಾಲೆಗೆ ಸೇರಿ ಅಕ್ಷರ ಕೂಡಿಸಲು ಕಲಿತ ಹೊತ್ತಿಗೇ ಕಳೆದುಹೋಗಿತ್ತು.

ತಂಗಿ ಹಾಳೆ ತಿರುವಿದಳು. "ಕತ್ತಲಾಗುವವರೆಗೆ ಹುಡುಗಿ ದಡದಲ್ಲಿ ನಿಂತಿದ್ದಳು. ಕತ್ತೆಮರಿ ಬರಲಿಲ್ಲ. ಅಪ್ಪ ಬಂದು ಅವಳನ್ನು ಮನೆಗೆ ಕರೆದುಕೊಂಡು ಹೋದ."

ಅಷ್ಟೇ. ಕೆಳಗೆ ಖಾಲಿ ಕಾಗದ. ಹಾಳೆ ಹರಿದುಹೋಗಿದೆಯೇನೋ ಎಂದು ಬೆನ್ನಿನ ಹೊಲಿಗೆ ಮುಟ್ಟಿ ನೋಡಿದಳು, ಎಲ್ಲ ನೆಟ್ಟಗಿತ್ತು. ಪುಸ್ತಕದ ಕತ್ತೆಮರಿ ಎಂದೂ ತಿರುಗಿ ಬಂದಿರಲೇ ಇಲ್ಲ. ಅದನ್ನು ಕರೆತಂದವಳು ಅಕ್ಕ, ತಾಯಿ ಸತ್ತ ಮನೆಯಲ್ಲಿ ಒಲೆ ಹಚ್ಚಲು ಕಲಿಯುತ್ತಿದ್ದ ಹನ್ನೆರಡರ ಹುಡುಗಿ. ಪುಸ್ತಕ ಕಳೆದಾಗ ಮಂಚದ ಕೆಳಗೆಲ್ಲ ತೂರಿ ಎಲ್ಲರಿಗಿಂತ ಹೆಚ್ಚು ಹುಡುಕಿದವಳೂ ಅವಳೇ. ತಂಗಿಗೆ ನಗು ಬಂತು.

"ಕಳ್ಳಿ! ನೀನೇ ಬಚ್ಚಿಟ್ಟಿದ್ದೆ ಅಲ್ವಾ?"

ಅಕ್ಕನ ಮುಖದ ಎಡಭಾಗ ನಕ್ಕಿತು. "ಆಯ್ತು."

"ಮತ್ತೆ ಅದು ಹೇಗೆ ಬಂತು? ನೀನು ಹೇಗೆ ಹೇಳ್ತಿದ್ದೆ?" ಕೇಳಿದ ಮೇಲೆಯೇ ತಂಗಿಗೆ ಅರಿವಾದದ್ದು: ಬಂದದ್ದು ನೆನಪಿದೆ, ಬಂದ ಬಗೆ ನೆನಪಿಲ್ಲ. ಇನ್ನು ಯಾವ ಅಂಗಡಿ ಸುತ್ತಿದರೂ ಅದು ಸಿಗುವುದಿಲ್ಲ. ಇರುವುದು ಈ ಮಂಚದ ಮೇಲೆ ಕೂತವಳ ತಲೆಯಲ್ಲಿ ಮಾತ್ರ. ಅವಳಿಗೆ ಭಯವಾಯಿತು.

ಅಕ್ಕ ದಿಂಬು ಬಿಟ್ಟು ನೆಟ್ಟಗೆ ಕೂತಳು. "ಆಯ್ತು," ಎಂದು ಮೆಲ್ಲಗೆ ಶುರು ಮಾಡಿದಳು, "ಆಯ್ತು, ಆಯ್ತು..." ಎಡಗೈ ಅಲೆಅಲೆಯಾಗಿ ಹೋಯಿತು, ಏನನ್ನೋ ಹಿಡಿದು ಜಗ್ಗಿತು, ಎರಡು ಬೆರಳು ಹೊದಿಕೆಯ ಮೇಲೆ ಕುಂಟುತ್ತ ನಡೆದವು. ದನಿ ಯಾರನ್ನೋ ಗದರಿಸಿತು, ಇನ್ಯಾರದೋ ದನಿಯಾಗಿ ಗೋಗರೆಯಿತು, ಒಂದು ಕಡೆ ಥೇಟ್ ಕತ್ತೆಯಂತೆ ಅರಚಿತು. ಅರಚಿದ್ದೂ "ಆಯ್ತು" ಅಂತಲೇ. ಇಡೀ ಕಥೆ, ಒಂದು ತಿರುವೂ ತಪ್ಪದೆ, ತಂಗಿಯ ಕಣ್ಣೆದುರೇ ಸಾಗುತ್ತಿತ್ತು. ಒಂದು ಎಳೆಯೂ ಅವಳ ಕೈಗೆ ಸಿಗಲಿಲ್ಲ.

"ದೋಣಿಯವನು ಹಿಡಿದನಾ? ಅಲ್ವಾ? ಯಾರೋ ಮುದುಕೀನಾ?"

ಅಕ್ಕ ಅಲ್ಲವೆಂದು ತಲೆಯಾಡಿಸಿ ಮತ್ತೆ ಮೊದಲಿಂದ ಹೇಳಿದಳು. ಹಣೆಯ ಮೇಲೆ ಬೆವರೊಡೆಯಿತು. ಕೊನೆಗೆ ಎಡಗೈಯನ್ನು ಎದೆಗೊತ್ತಿಕೊಂಡು, ಬಂತು ನೋಡು ಎನ್ನುವಂತೆ ತಂಗಿಯ ಮುಖ ನೋಡಿದಳು.

"ಹ್ಞಾಂ ಅಕ್ಕಾ, ಈಗ ನೆನಪಾಯ್ತು. ಪೂರ್ತಿ ನೆನಪಾಯ್ತು," ಅಂದಳು ತಂಗಿ.

ಸುಳ್ಳು ಹೇಳುವುದರಲ್ಲಿ ಅಕ್ಕನ ಮುಂದೆ ಅವಳಿನ್ನೂ ಎಳೆ ಕೂಸು. ಅಕ್ಕ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಡಗೈ ಚಾಚಿ, ನಿದ್ದೆ ಬಾರದ ಮಗುವನ್ನು ತಟ್ಟುವ ಹಾಗೆ, ತಂಗಿಯ ಮೊಣಕಾಲನ್ನು ಮೆಲ್ಲಗೆ ತಟ್ಟತೊಡಗಿದಳು.