ಟೈಲರಮ್ಮನ ಬೂದು ಗೌನು

ಸೆಟೆದ ಎಡಗೈ ಬಗ್ಗಲೊಲ್ಲದು. ಮಹಾರಾಣಿ, ಗೌನಿನ ತೋಳನ್ನು ಮೊಣಕೈವರೆಗೆ ಏರಿಸಿ, ಏದುಸಿರು ಬಿಡುತ್ತ, "ಸ್ವಲ್ಪ ಸಡಿಲ ಬಿಡೇ, ಪುಣ್ಯಾತ್ಗಿತ್ತಿ" ಎಂದು ಹೆಣವನ್ನೇ ಗದರಿಕೊಂಡಳು.

ಮಹಾರಾಣಿ ಎನ್ನುವುದು ರಂಗದ ಮೇಲಿನ ಹೆಸರು. ನಲವತ್ತು ವರ್ಷ ಒಂದೇ ಥಿಯೇಟರಿನಲ್ಲಿ ಹಾಡುತ್ತ, ಜನರನ್ನು ನಗಿಸುತ್ತ, ಒಂದೊಂದೇ ಬಟ್ಟೆ ಕಳಚುತ್ತ ಹೊಟ್ಟೆ ಹೊರೆದವಳು. ಸತ್ತವಳು ಆ ಬಟ್ಟೆಗಳನ್ನೆಲ್ಲ ಹೊಲಿದ ಟೈಲರಮ್ಮ. ಬಟ್ಟೆ ಹೊಲಿಯುವುದು ಯಾರಿಗಾದರೂ ಬಂದೀತು. ಒಂದೇ ಎಳೆತಕ್ಕೆ, ತಾಳ ತಪ್ಪದೆ ಬಿಚ್ಚಿಬೀಳುವ ಹಾಗೆ ಹೊಲಿಯುವುದು ಇವಳೊಬ್ಬಳಿಗೇ ಗೊತ್ತಿತ್ತು. ತಾನು ಮಾತ್ರ ಎಂಥ ಸೆಕೆಯಲ್ಲೂ ಕತ್ತಿನ ಗುಂಡಿ ತೆಗೆದವಳಲ್ಲ.

ಗೌನು ಸಿಕ್ಕಿದ್ದು ಟ್ರಂಕಿನ ತಳದಲ್ಲಿ. ಕತ್ತಿನಿಂದ ಪಾದದವರೆಗೆ ಬೂದು ಬಣ್ಣ. ಅದನ್ನು ಕಂಡು ಟೈಲರಮ್ಮನ ಅಕ್ಕನಿಗೆ ಹೋದ ಜೀವ ಬಂದಿತ್ತು. ಥಿಯೇಟರಿನ ಸೋಂಕಿಲ್ಲದ ಬಟ್ಟೆ ಒಂದಾದರೂ ಇದೆಯಲ್ಲ, ನೆಂಟರೆದುರು ಮಾನ ಉಳೀತು ಎಂದು ಹೇಳಿ, ಬಂದವರನ್ನು ಕೂರಿಸಲು ಹೊರಗೆ ಹೋಗಿದ್ದಳು. ಹತ್ತು ಗಂಟೆಗೆ ಶವಪೆಟ್ಟಿಗೆ ಮುಚ್ಚಬೇಕಿತ್ತು.

ಎಡ ಕಂಕುಳ ಕೆಳಗೆ ನೆರಿಗೆ ಸರಿಮಾಡುವಾಗ ಮಹಾರಾಣಿಯ ಬೆರಳಿಗೆ ದಾರದ ಕುಣಿಕೆಯೊಂದು ತಗುಲಿತು. ಈ ಕುಣಿಕೆ ಅವಳಿಗೆ ಕತ್ತಲಲ್ಲೂ ಗೊತ್ತು. ಎಳೆದರೆ ಪಕ್ಕದ ಟಿಚ್ ಬಟನ್ನುಗಳೆಲ್ಲ ಪಟಪಟನೆ ಬಿಟ್ಟುಕೊಳ್ಳುತ್ತವೆ. ಆದರೆ ಅಳತೆ ಯಾವ ನಟಿಯದೂ ಅಲ್ಲ, ಟೈಲರಮ್ಮನದೇ. ಬಟನ್ನುಗಳು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಸವೆದಿದ್ದವು. ಕಾಲು ಜಾರದಿರಲೆಂದು ರಂಗದ ಹಲಗೆಗೆ ಉದುರಿಸುವ ಬಿಳಿ ಪುಡಿ ಅಂಚಿಗೆ ಮೆತ್ತಿತ್ತು.

ಇದನ್ನು ತೊಟ್ಟು ಖಾಲಿ ರಂಗ ಹತ್ತಿದ್ದಾಳೆ, ಒಂದು ಸಲವಲ್ಲ, ನೂರಾರು ಸಲ. ದಿನಾ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಥಿಯೇಟರಿನ ಬೀಗ ತೆಗೆಯುತ್ತಿದ್ದವಳು ಇವಳೇ ತಾನೇ!

*

ಇಪ್ಪತ್ತೆಂಟು ವರ್ಷದ ಹಿಂದೆ ನಟಿಯೊಬ್ಬಳು ಕೈಕೊಟ್ಟ ದಿನ, ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಹಾಡು ತನಗೂ ಬಾಯಿಪಾಠ, ಬೇಕಾದರೆ ಇವತ್ತೊಂದು ದಿನ ತಾನೇ ನಿಲ್ಲುತ್ತೇನೆ ಎಂದಿದ್ದಳು. ಮಹಾರಾಣಿಗೆ ಬಾಯಿ ಮುಚ್ಚಿಕೊಂಡು ಇರಲಾಗಲಿಲ್ಲ.

"ನೀನು ಬಿಚ್ಚಿದ್ರೆ ಜನ ದುಡ್ಡು ಕೊಡ್ತಾರೆ ಬಿಡು. ವಾಪಸ್ ಹಾಕ್ಕೋ ತಾಯಿ ಅಂತ."

ಮೇಕಪ್ ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು ಟೈಲರಮ್ಮನೂ ನಕ್ಕಳು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮಹಾರಾಣಿಯೋ, ಅದೇ ಜೋಕನ್ನು ರಂಗದ ಮೇಲೂ ಹೇಳಿ ವರ್ಷಗಟ್ಟಲೆ ಚಪ್ಪಾಳೆ ಗಿಟ್ಟಿಸಿದಳು.

*

ಅಕ್ಕ ಒಳಗೆ ಬಂದಳು. "ಪಕ್ಕದಲ್ಲಿ ಯಾಕೋ ಸಡಿಲ ಕಾಣ್ಸುತ್ತೆ. ನಾಲ್ಕು ಹೊಲಿಗೆ ಹಾಕ್ಬಿಡಿ. ಎತ್ತೋವಾಗ ಬಿಚ್ಕೊಂಡ್ರೆ ಏನು ಗತಿ?"

"ಹಾಕ್ತೀನಿ. ಐದು ನಿಮಿಷ ಹೊರಗಿರಿ."

ಸೂಜಿಗೆ ದಾರ ಪೋಣಿಸಿದಳು. ಹೊಲಿದರೆ ಮಾನ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಆದರೆ ಅಂದು ವಾಪಸ್ ಹಾಕ್ಕೋ ಎಂದು ಬಾಯಲ್ಲಿ ಆಡಿದ್ದನ್ನೇ ಇಂದು ಕೈಯಾರೆ ಮಾಡಿದ ಹಾಗಾಗುತ್ತದೆ. "ತಪ್ಪಾಯ್ತು ಕಣೇ" ಎಂದಳು. ಸೂಜಿಯನ್ನು ವಾಪಸು ಡಬ್ಬಿಗೆ ಹಾಕಿದಳು.

ನಾಲ್ವರು ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸುವವರೆಗೂ ಅವಳು ಗೌನಿನ ಪಕ್ಕದ ಬಟನ್ನುಗಳನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದಳು. ಪಾಪ, ಗೆಳತಿಯನ್ನು ಬಿಡಲಾರದೆ ಒದ್ದಾಡುತ್ತಿದ್ದಾಳೆ ಎಂದು ನೆಂಟರು ಮಾತಾಡಿಕೊಂಡರು. ಟೈಲರಮ್ಮ ಎಷ್ಟು ಗೌರವಸ್ಥಳಾಗಿ ಕಾಣುತ್ತಿದ್ದಾಳೆ ಎಂದೂ ಹೇಳಿದರು. ಅಕ್ಕ ಕಣ್ಣೊರೆಸಿಕೊಂಡಳು.

ಇನ್ನು ಮುಚ್ಚಬೇಕು ಎನ್ನುವಾಗ ಮಹಾರಾಣಿ, ಕೈ ನೆಟ್ಟಗೆ ಮಾಡುವವಳ ಹಾಗೆ ಬಗ್ಗಿದಳು. ಟೈಲರಮ್ಮನ ಬಲಗೈ ಎದೆಯ ಮೇಲೆ ಅಡ್ಡಲಾಗಿ ಮಡಚಿಕೊಂಡು ಸೆಟೆದಿತ್ತು. ಕುಣಿಕೆಯನ್ನು ಮೆಲ್ಲಗೆ ಈಚೆ ತೆಗೆದು ಆ ಕೈಯ ತೋರುಬೆರಳಿಗೆ ತೊಡಿಸಿ ಹಿಂದೆ ಸರಿದಳು.

ಮುಚ್ಚಳ ಇಳಿಯಿತು. ಬೆಳಕಿನ ಗೆರೆ ಸಣ್ಣದಾಗುತ್ತ ಬಂದು, ಕೊನೆಗೆ ಕುಣಿಕೆಯಲ್ಲಿ ಕೊಕ್ಕೆಯಾಗಿ ಬಾಗಿದ್ದ ಆ ಒಂದು ಬೆರಳಿನ ಮೇಲಷ್ಟೇ ನಿಂತಿತು.