ಮೇಲೆ ನಿಲ್ಲುವವಳು

ಅಕ್ಕ ನಡೆಸುತ್ತಿದ್ದುದು ಶಿಶುವಿಹಾರ. ಕಂಡವರ ಮಕ್ಕಳ ಮೂಗು ಒರೆಸಿ ಒರೆಸಿ ಅವಳ ಕಣ್ಣಿಗೆ ಈಗ ದೊಡ್ಡವರೂ ಮಕ್ಕಳೇ. ಬಸ್ಸಿನಲ್ಲಿ ಪಕ್ಕದವರ ಶೂ ದಾರ ಬಿಚ್ಚಿಕೊಂಡಿದ್ದರೆ ಅವಳ ಕೈ ತನ್ನಷ್ಟಕ್ಕೆ ತಾನೇ ಕೆಳಗೆ ಹೋಗುತ್ತಿತ್ತು. ಅಂಥವಳಿಗೆ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಸ್ವಂತ ತಂಗಿಯೇ ಸಿಕ್ಕರೆ ಕೇಳಬೇಕೆ?

ತಂಗಿ ಅಂಗಡಿಗಳಿಗೆ ಬೋರ್ಡು ಬರೆಯುವವಳು. ಅವಳು ಬಿದ್ದು ವರ್ಷ ದಾಟಿತ್ತು. ಮೂಳೆ ಕೂಡಿಕೊಂಡಿತ್ತು. ಡಾಕ್ಟರು ಈಜುಕೊಳಕ್ಕೆ ಅಟ್ಟಿ ಅಟ್ಟಿ ಆ ಕಾಲಿಗೆ ಮೊದಲಿಗಿಂತ ಹೆಚ್ಚೇ ಬಲ ಬರಿಸಿದ್ದರು. "ಇನ್ನು ನನ್ನ ಹತ್ರ ಬರಬೇಡಮ್ಮ" ಎಂದು ಕೈಮುಗಿದೂ ಆಗಿತ್ತು. ಆದರೂ ಅವಳು ಅಕ್ಕನ ಮನೆಯ ಮುಂದಿನ ಕೋಣೆಯಲ್ಲೇ ಇದ್ದಳು. ಬಣ್ಣದ ಡಬ್ಬಗಳು ಅಟ್ಟ ಸೇರಿದ್ದವು. ಈಗ ಹೊಸದಾಗಿ ತೆರೆಯುವ ಔಷಧದಂಗಡಿಯವರು ಕಟ್ಟಡದ ನೆತ್ತಿಯ ಮೇಲೊಂದು ದೊಡ್ಡ ಬೋರ್ಡು ಬರೆದುಕೊಡು ಎಂದು ಅವಳನ್ನೇ ಕೇಳಿದ್ದರು. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಅಕ್ಕನ ಉತ್ತರವಂತೂ ಸಿದ್ಧವಾಗಿತ್ತು: "ಏಣಿ ಅಂತ ಇನ್ನೊಂದ್ಸಲ ಬಾಯಿ ಬಿಟ್ರೆ ನೋಡು!" ಜಗಳ ಆಡಬಹುದಿತ್ತು. ಆದರೆ ತಿಂಗಳುಗಟ್ಟಲೆ ತಲೆ ಬಾಚಿ, ಸ್ನಾನ ಮಾಡಿಸಿ, ತುತ್ತು ಕೊಟ್ಟ ಕೈಯ ಜೊತೆ ಯಾವ ಬಾಯಲ್ಲಿ ಜಗಳ ಆಡುವುದು? ತಂಗಿಗೆ ತನ್ನ ಕೆಲಸ ಬೇಕಿತ್ತು, ಅಕ್ಕನ ಮನಸ್ಸು ಮುರಿಯುವುದು ಬೇಕಿರಲಿಲ್ಲ.

ಈಜುಕೊಳದ ಗೋಡೆಯ ಮೇಲಿದ್ದ ಪೋಸ್ಟರ್ ನೋಡಿ ಎರಡು ದಿನದ ಮೀನು ಹಿಡಿಯುವ ಪ್ರವಾಸಕ್ಕೆ ಹೆಸರು ಕೊಟ್ಟದ್ದು ಇದಕ್ಕೇ. ಮೊದಲ ದಿನ ಹೊಳೆಯಲ್ಲಿ ನಕಲಿ ನೊಣ ಕಟ್ಟಿದ ಗಾಳ, ಮರುದಿನ ಕಡಲಲ್ಲಿ ಮುಳುಗಿ ಈಟಿ. ತಾನೆಷ್ಟು ಗಟ್ಟಿಯಾಗಿದ್ದೇನೆಂದು ಅಕ್ಕ ಕಣ್ಣಾರೆ ನೋಡಲಿ ಎಂಬುದು ಅವಳ ಆಸೆ. ಈಜುಕೊಳದಲ್ಲಿ ತಂಗಿಯ ಜೊತೆಜೊತೆಗೇ ಮುಳುಗು ಹಾಕಿ ಕಲಿತಿದ್ದ ಅಕ್ಕ ತಾನೂ ಹೊರಟಳು. ಅವಳ ಚೀಲದಲ್ಲಿ ಅರ್ಧಕ್ಕರ್ಧ ಬ್ಯಾಂಡೇಜು.

ಗೈಡಿಗೆ ಮಾತು ಕಡಿಮೆ. ಕೊರಳಲ್ಲಿ ನೇತಾಡುತ್ತಿದ್ದ ಸೀಟಿಯೇ ಅವನ ಅರ್ಧ ಪಾಠ ಹೇಳುತ್ತಿತ್ತು. ಹಾಗಾಗಿ ಊರಿಗೆಲ್ಲ ಅವನು ಸೀಟಿ ಮೇಷ್ಟ್ರು. ಹೊಳೆಗೆ ಇಳಿಸುವ ಮೊದಲು ಇಬ್ಬರಿಗೂ ಟೋಪಿ, ಕನ್ನಡಕ ಹಾಕಿಸಿದ. ಚುಚ್ಚಿದರೂ ಸುಲಭವಾಗಿ ಹೊರಗೆ ಬರಲಿ ಎಂದು ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿದ.

"ದಾರ ಮುಂದಕ್ಕೆ ಹೋಗೋ ಮೊದ್ಲು ಹಿಂದಕ್ಕೆ ಹೋಗುತ್ತೆ. ಅದಕ್ಕೇ ಬೀಸೋ ಮೊದ್ಲು ತಿರುಗಿ ನೋಡಿ. ಹಿಂದೆ ಯಾರೂ ಇರ್ಬಾರ್ದು."

ಯಾರೂ ಎಂದರೆ ತಾನೂ ಸೇರಿದೆ ಎಂದು ಅಕ್ಕನಿಗೆ ಹೊಳೆಯಲೇ ಇಲ್ಲ. ತಂಗಿ ತಿರುಗಿ ನೋಡಿದಾಗ ಹಿಂದೆ ಬಯಲಾಗಿತ್ತು. ಬೀಸುವಷ್ಟರಲ್ಲಿ, ಕಲ್ಲು ಜಾರಿದರೆ ಹಿಡಿದುಕೊಳ್ಳೋಣವೆಂದು ಅಕ್ಕ ಎರಡೂ ಕೈ ಚಾಚಿಕೊಂಡು ಬೆನ್ನಿಗೆ ಬಂದು ನಿಂತಿದ್ದಳು. ನೊಣ ಹಾರಿ ಬಂದು ಅವಳ ಟೋಪಿಯನ್ನು ಕಚ್ಚಿ, ಹೊಳೆಯ ನಡುವೆ ಒಯ್ದು ಬೀಳಿಸಿತು. ಸೀಟಿ ಮೇಷ್ಟ್ರು ಊದಿದ ರಭಸಕ್ಕೆ ಮರದ ಹಕ್ಕಿಗಳೆಲ್ಲ ಎದ್ದವು.

"ಟೋಪಿ ಇಲ್ದೇ ಇದ್ದಿದ್ರೆ ತಲೆಗೇ ಚುಚ್ತಿತ್ತು!" ಎಂದ ಅವನು.

"ಅವ್ಳು ಬಿದ್ರೆ?"

"ಬಿದ್ರೆ ಒದ್ದೆ ಆಗ್ತಾರೆ. ನೀರು ಮೊಣಕಾಲಿಗಿದೆ."

ತಂಗಿ ನಕ್ಕಳು, ಅಕ್ಕ ನಗಲಿಲ್ಲ. ಸಂಜೆಯ ಹೊತ್ತಿಗೆ ತಂಗಿಯ ಗಾಳಕ್ಕೆ ಅಂಗೈಯಗಲದ ಮೀನೊಂದು ಬಿತ್ತು. ಕೈ ಒದ್ದೆ ಮಾಡಿಕೊಂಡು ಅದನ್ನು ಬಿಡಿಸಿ ಮತ್ತೆ ನೀರಿಗೆ ಬಿಟ್ಟಳು. ಅಕ್ಕ ಮಾತ್ರ ಮೀನು ನೋಡುವುದು ಬಿಟ್ಟು ತಂಗಿಯ ಪಾದ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಬಂಡೆಗಳ ಮರೆಯ ಶಾಂತ ಕಡಲಿನಲ್ಲಿ ದೋಣಿ ನಿಲ್ಲಿಸಿ ಮೇಷ್ಟ್ರು ಒಂದೇ ಒಂದು ಈಟಿ ತೆಗೆದ. ಅದರ ಬುಡಕ್ಕೆ ಉದ್ದನೆಯ ಹಗ್ಗ, ಹಗ್ಗದ ತುದಿಗೆ ಬಾವುಟ ಸಿಕ್ಕಿಸಿದ ಕೆಂಪು ತೇಲುಚೆಂಡು.

"ಇಬ್ರಿಗೂ ಇದೊಂದೇನಾ?" ಎಂದಳು ತಂಗಿ.

"ಒಂದೇ. ಒಬ್ರು ಕೆಳಗೆ, ಒಬ್ರು ಮೇಲೆ. ಮೇಲಿರೋರಿಗೆ ಬೇರೆ ಕೆಲ್ಸ ಇಲ್ಲ. ಮುಖ ನೀರಲ್ಲಿಟ್ಟು ಕೆಳಗಿರೋರನ್ನ ನೋಡ್ತಾ ಇರೋದು. ಅವ್ರು ಬಂದು ಚೆನ್ನಾಗಿ ಉಸಿರಾಡಿ ಕೈ ತೋರ್ಸೋವರೆಗೂ ಕಣ್ಣು ತೆಗೀಬಾರ್ದು. ಏನಾದ್ರೂ ಅನ್ಸಿದ್ರೆ ಕೈ ಎತ್ತಿ, ನಾನು ಪಕ್ಕದಲ್ಲೇ ಇರ್ತೀನಿ. ಹಗ್ಗ ಸಿಕ್ಕಿಕೊಂಡ್ರೆ ಈಟಿ ಬಿಟ್ಬಿಡಿ. ಈಟಿ ಹೋದ್ರೆ ಇನ್ನೊಂದು ತರ್ಬಹುದು."

ನೋಡುತ್ತಾ ಇರುವ ಕೆಲಸ! ಅಕ್ಕನಿಗಿಂತ ಬೇರೆ ಯಾರು ಬೇಕು? ಆದರೆ ತಂಗಿ ಎರಡಾಳು ಆಳಕ್ಕೆ ಇಳಿದು ಪಕ್ಕಕ್ಕೆ ತಿರುಗಿದರೆ, ಮಾಸ್ಕಿನೊಳಗೆ ಕಣ್ಣರಳಿಸಿಕೊಂಡು ಅಕ್ಕ ಅಲ್ಲೇ! ಮೇಷ್ಟ್ರು ಇಬ್ಬರನ್ನೂ ಮೇಲೆ ಕರೆಸಿ ಬೈದ. ಎರಡನೆಯ ಸಲವೂ ಅದೇ ಕಥೆ.

"ಇಬ್ರೂ ಕೆಳಗಿದ್ರೆ ಮೇಲೆ ಯಾರಮ್ಮ? ಇನ್ನೊಂದ್ಸಲ ಹೀಗಾದ್ರೆ ದೋಣಿ ದಡಕ್ಕೆ."

"ಮನಸ್ಸು ತಡೀಲಿಲ್ಲ" ಎಂದಳು ಅಕ್ಕ. ಸುಳ್ಳಲ್ಲ, ಅವಳ ಮುಖ ನಿಜಕ್ಕೂ ಬಿಳಿಚಿಕೊಂಡಿತ್ತು. ತಂಗಿಗೆ ಸಿಟ್ಟು, ನಾಚಿಕೆ, ಕನಿಕರ ಎಲ್ಲ ಒಟ್ಟಿಗೇ ಬಂತು. ಎರಡು ನಿಮಿಷ ನೀರ ಮೇಲೆ ಸುಮ್ಮನಿರಲಾರದವಳು ಇನ್ನು ಏಣಿ ಹತ್ತಲು ಬಿಟ್ಟಂತೆಯೇ!

ಮೇಷ್ಟ್ರು ಈಟಿಯನ್ನು ಅಕ್ಕನ ಕೈಗೆ ಕೊಟ್ಟ. "ನೀವು ಇಳೀರಿ. ಅವ್ರು ನೋಡ್ಲಿ."

ಈಗ ಮುಖ ನೀರಲ್ಲಿಟ್ಟು ಮೇಲೆ ಉಳಿದವಳು ತಂಗಿ. ಅಕ್ಕ ಕೆಳಗೆ ಹೋದಳು. ಹೋಗಿ ಮೀನು ನೋಡಿದಳೆ? ಇಲ್ಲ. ಮೇಲೆ ತಂಗಿ ಸರಿಯಾಗಿದ್ದಾಳೆಯೇ ಎಂದು ತಿರುಗಿ ತಿರುಗಿ ನೋಡಿದಳು. ಹಾಗೆ ತಿರುಗುವುದರಲ್ಲಿ ಹಗ್ಗ ಅವಳ ಕಾಲಿನ ರಬ್ಬರ್ ರೆಕ್ಕೆಗೆ ಒಂದು ಸುತ್ತು ಹಾಕಿಕೊಂಡಿತು. ಮೇಲೆ ಬರಲು ಒದ್ದಳು, ಬಿಗಿಯಾಯಿತು. ಮತ್ತೆ ಒದ್ದಳು, ಇನ್ನೂ ಬಿಗಿಯಾಯಿತು. ಕೈಗೆ ಕೊಟ್ಟದ್ದನ್ನು ಬಿಡುವ ಪೈಕಿಯೇ ಅಲ್ಲ ಅವಳು, ಈಟಿಯನ್ನು ಎದೆಗವಚಿಕೊಂಡಿದ್ದಳು.

ಧುಮುಕಿ ಹೋಗಿ ಅಪ್ಪಿಕೊಂಡುಬಿಡಬೇಕು ಎಂದು ತಂಗಿಯ ಮೈಯೆಲ್ಲ ಎಳೆಯಿತು. ವರ್ಷವಿಡೀ ಅಕ್ಕ ಅನುಭವಿಸಿದ್ದು ಇದನ್ನೇ ಎಂದು ಆ ಕ್ಷಣದಲ್ಲಿ ಅವಳಿಗೆ ಚೆನ್ನಾಗಿ ಅರ್ಥವಾಯಿತು. ಅವಳು ಧುಮುಕಲಿಲ್ಲ. ಒಂದು ಕೈ ಎತ್ತಿ ಮೇಷ್ಟ್ರನ್ನು ಕರೆದಳು, ತೇಲುಚೆಂಡನ್ನು ಅಕ್ಕನ ನೆತ್ತಿಯ ಮೇಲಕ್ಕೆ ತಳ್ಳಿ ಹಗ್ಗ ಸಡಿಲಿಸಿದಳು. ಇನ್ನೊಂದು ಕೈಯನ್ನು ನೀರಿನೊಳಗೆ ಚಾಚಿ ಮುಷ್ಟಿ ಕಟ್ಟಿ ಬಿಚ್ಚಿದಳು, ಕಟ್ಟಿ ಬಿಚ್ಚಿದಳು. ಬಿಡು ಅಕ್ಕ, ಬಿಟ್ಬಿಡು.

ಅಕ್ಕ ಹೇಗೂ ಮೇಲೆಯೇ ನೋಡುತ್ತಿದ್ದಳಲ್ಲ! ಬೆರಳು ಬಿಚ್ಚಿದಳು. ಈಟಿ ಕೆಳಗೆ ಜಾರಿತು, ರೆಕ್ಕೆಯ ಸುತ್ತು ಕಳಚಿತು. ಮೇಷ್ಟ್ರು ಮುಳುಗು ಹಾಕುವಷ್ಟರಲ್ಲಿ ಅವಳು ನೀರು ಸೀಳಿಕೊಂಡು ಬಂದಾಗಿತ್ತು. ತಂಗಿ ಅವಳ ಗದ್ದ ಎತ್ತಿ ಹಿಡಿದಳು. "ಉಸಿರು ತಗೋ. ಬಿಡು. ಇನ್ನೊಂದು ತಗೋ. ಈಗ ಕೈ ತೋರ್ಸು."

ಅಕ್ಕ ಮಗುವಿನಂತೆ ಕೈ ತೋರಿಸಿದಳು.

"ಹೆದರಿದ್ಯಾ?" ಎಂದಳು ತಂಗಿ.

"ಮೊದ್ಲು ಹೆದರಿದೆ" ಎಂದಳು ಅಕ್ಕ ಏದುಸಿರು ಬಿಡುತ್ತಾ. "ಆಮೇಲೆ ಮೇಲೆ ನೀನಿದ್ದೆ."

ಮೇಷ್ಟ್ರು ಹಗ್ಗ ಎಳೆದು ಈಟಿಯನ್ನು ಮೇಲೆ ತಂದ, ಇಬ್ಬರನ್ನೂ ದೋಣಿಯಲ್ಲಿ ಕೂರಿಸಿ ಬಿಸಿಬಿಸಿ ಚಹಾ ಕುಡಿಸಿದ. ಅಕ್ಕನನ್ನು ಇವತ್ತು ಮತ್ತೆ ಇಳಿಸುವುದಿಲ್ಲ ಎಂದ. ಬಹಳ ಹೊತ್ತು ಸುಧಾರಿಸಿಕೊಂಡ ಮೇಲೆ, ಅಕ್ಕ ಮೇಲೆ ನಿಲ್ಲುವುದಾದರೆ ತಂಗಿಗೆ ಕೊನೆಯದಾಗಿ ಒಂದು ಮುಳುಗು ಕೊಡುತ್ತೇನೆ ಎಂದ. ಅಕ್ಕ ತಾನೇ ಮಾಸ್ಕ್ ಹಾಕಿಕೊಂಡಳು.

ತಂಗಿ ಇಳಿದಳು. ಬಂಡೆಯ ಸಂದಿನಲ್ಲಿ ಮೊಳದುದ್ದದ ಬೂದು ಮೀನೊಂದು ಸುಮ್ಮನೆ ಬಾಲ ಆಡಿಸುತ್ತಿತ್ತು. ಈಟಿ ಎತ್ತುವ ಮುನ್ನ ಒಮ್ಮೆ ಮೇಲೆ ನೋಡಿದಳು. ಅಕ್ಕ ತೇಲುಚೆಂಡನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಕಾಲು ಅಲ್ಲಾಡಿಸದೆ, ಅಲ್ಲೇ ಇದ್ದಳು. ತಂಗಿ ಗುರಿ ಹಿಡಿದಳು, ಬಿಟ್ಟಳು, ತಗಲಿತು.

ಮೇಲೆ ಬಂದು, ಉಸಿರಾಡಿ, ಕೈ ತೋರಿಸಿದಳು. ಅಕ್ಕ ಮೀನಿನ ಕಡೆ ನೋಡಲೂ ಇಲ್ಲ. ಮಾಸ್ಕ್ ಎತ್ತಿದಾಗ ಒಳಗೆ ತುಂಬಿದ್ದ ನೀರೆಲ್ಲ ಕಡಲಿನದಲ್ಲ ಎಂದು ತಂಗಿಗೆ ಗೊತ್ತಾಯಿತು.

"ಆ ಔಷಧದಂಗಡಿ ಎಷ್ಟು ಎತ್ತರ ಇದೆ?" ಎಂದಳು ಅಕ್ಕ.

"ಮೂರಂತಸ್ತು."

ಅಕ್ಕ ಮೂಗು ಒರೆಸಿಕೊಂಡಳು, ಈ ಸಲ ತನ್ನದೇ.

"ಫೋನ್ ಮಾಡಿ ಒಪ್ಕೊ. ನಾನು ಕೆಳಗೆ ನಿಂತು ನೋಡ್ತೀನಿ" ಎಂದು, ತನಗೆ ತಾನೇ ಹೇಳಿಕೊಳ್ಳುವಂತೆ ಸೇರಿಸಿದಳು. "ನಿನ್ನ ಹಿಂದೆ ಏಣಿ ಹತ್ತಲ್ಲ."