ಬೀಗರ ತಾರಸಿ, ಟೈಲರನ ಗೋಡೆ

ನಮ್ಮ ಟೈಲರನಂಥ ಟೈಲರ್ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಅವನು ತೇಪೆ ಹಾಕಿದರೆ ಬಟ್ಟೆ ಎಲ್ಲಿ ಹರಿದಿತ್ತೆಂದು ಹರಿದವರಿಗೇ ಗೊತ್ತಾಗುತ್ತಿರಲಿಲ್ಲ. ತನ್ನ ಮನೆಯ ಗೋಡೆಯಲ್ಲಿ ಒದ್ದೆ ಕಲೆ ಕಾಣಿಸಿಕೊಂಡಾಗಲೂ ಅವನಿಗೆ ಹೊಳೆದದ್ದು ಅದೇ ವಿದ್ಯೆ. ಚೆಂದದ ಪರದೆಯೊಂದನ್ನು ಹೊಲಿದು ಕಲೆಯನ್ನು ಮುಚ್ಚಿದ.

ಕಲೆ ಬಂದದ್ದು ಪಕ್ಕದ ಖಾಲಿ ಮನೆಯಿಂದ. ಅದರ ತಾರಸಿಯ ನೀರು ಹೋಗುವ ಪೈಪಿನಲ್ಲಿ ಒಣಗಿದ ಎಲೆ ತುಂಬಿಕೊಂಡಿತ್ತು. ಮಳೆ ಬಂದರೆ ಅಲ್ಲಿ ಕೆರೆ. ದೋಣಿ ಬಿಡುವುದೊಂದೇ ಬಾಕಿ. ಬಿರುಕಿನಲ್ಲಿ ಹುಟ್ಟಿದ ಗಿಡ ಎಷ್ಟು ಎತ್ತರ ಬೆಳೆದಿತ್ತೆಂದರೆ ಮೋಡಗಳು ಅದನ್ನು ಸುತ್ತಿಬಳಸಿ ಹೋಗುತ್ತಿದ್ದವು. ಆ ನೀರೆಲ್ಲ ಇಳಿಯುತ್ತಿದ್ದದ್ದು ಟೈಲರನ ಗೋಡೆಗೆ, ಅದೂ ಸರಿಯಾಗಿ ಅವನ ತಾಯಿಯ ಮಂಚದ ಪಕ್ಕಕ್ಕೆ.

ಮನೆಯವರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅದು ಬೀಗರ ಮನೆ. ಟೈಲರ್ ತನ್ನ ಮಗಳನ್ನು ಕೊಟ್ಟ ಮನೆತನ. ಅವರು ಬೇರೆ ಊರಿಗೆ ಹೋಗಿ ಈ ಮನೆಯನ್ನು ಮರೆತೇಬಿಟ್ಟಿದ್ದರು. ದೂರು ಹೇಳಿದರೆ ಮಗಳು ಅಲ್ಲಿ ಮಾತು ಕೇಳಬೇಕಾದೀತೆಂದು ಟೈಲರ್ ತನ್ನ ಬಾಯಿಗೂ ಹೊಲಿಗೆ ಹಾಕಿಕೊಂಡ.

ಕಲೆ ಬೆಳೆದಂತೆ ಪರದೆಯೂ ಬೆಳೆಯಿತು. ನೆರಿಗೆ ಬಂತು, ಅಂಚು ಬಂತು, ಕುಚ್ಚು ಬಂತು. ಒಮ್ಮೆ ಬೀಗಿತ್ತಿಯೇ ಬಂದು ನೋಡಿ, ತಮಗೂ ಅಂಥದ್ದೊಂದು ಬೇಕೆಂದರು. ನಮ್ಮ ಮಹಾಶಯ ಹೊಲಿದೂ ಕೊಟ್ಟ.

ತಾಯಿಗೆ ಮಾತ್ರ ಕೆಮ್ಮು ಹಿಡಿಯಿತು. ಆಕೆ ಕೆಮ್ಮಿದರೆ ಬೀದಿಯ ಕಿಟಕಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಕೊನೆಗೊಂದು ಬೆಳಿಗ್ಗೆ ಗಾರೆಯ ದೊಡ್ಡ ಹೆಂಟೆ ಕಳಚಿ ದಿಂಬಿನ ಮೇಲೇ ಬಿತ್ತು. ಪುಣ್ಯಕ್ಕೆ ಆಕೆ ಸೊಸೆಯನ್ನು ಬೈಯಲೆಂದು ಆಗತಾನೇ ಅಡುಗೆಮನೆಗೆ ಹೋಗಿದ್ದಳು.

ಸದ್ದು ಕೇಳಿ ಎದುರುಮನೆಯ ಇಂಜಿನಿಯರಮ್ಮ ಓಡಿ ಬಂದಳು. ಪರದೆ ಸರಿಸಿದರೆ ಗೋಡೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತಿತ್ತು. ಒದ್ದೆ ಗೋಡೆಯಲ್ಲಿ ಕರೆಂಟ್ ಹರಿದೀತೆಂದು ಮೊದಲು ಮನೆಯ ಮೇನ್ ಸ್ವಿಚ್ ಆಫ್ ಮಾಡಿಸಿದಳು. ಮಂಚವನ್ನು ಇನ್ನೊಂದು ಕೋಣೆಗೆ ಸಾಗಿಸಿದಳು.

“ಟೈಲರಣ್ಣ, ಇದನ್ನ ಯಾಕೆ ಮುಚ್ಚಿಟ್ರಿ?”

“ಬೀಗರ ಮನೆ ಕಣಮ್ಮ. ನಾನೇ ಏಣಿ ಹಾಕಿ ಹತ್ತಿ ಪೈಪ್ ಬಿಡಿಸಿಬಿಡ್ತೀನಿ. ಅವರಿಗೆ ಗೊತ್ತೇ ಆಗಲ್ಲ.”

“ಕೇಳದೆ ಬೇರೆಯವರ ತಾರಸಿ ಹತ್ತೋದು ತಪ್ಪು. ಜಾರಿ ಬಿದ್ರೆ ನಿಮ್ಮನ್ನ ಹೊಲಿಯೋರು ಯಾರು? ಜಗಳ ಆಡಿ ಅಂತಿಲ್ಲ, ಹೇಳಿ ಅಂತಿದ್ದೀನಿ.”

“ಆಮೇಲೆ ನನ್ನ ಮಗಳ ಗತಿ?”

ಒಳಗಿನಿಂದ ತಾಯಿಯ ದನಿ ಬಂತು. “ಬೀಗರ ಮುಖ ಉಳಿಸೋಕೆ ನನ್ನ ತಲೆ ಒಡೀಬೇಕೇನೋ?”

ಟೈಲರ್ ಫೋನ್ ಕೈಗೆತ್ತಿಕೊಂಡ. ಇಂಜಿನಿಯರಮ್ಮ ಹೇಳಿದಂತೆ ಗೋಡೆಯ ಫೋಟೋ ತೆಗೆದ, ಬೀದಿಯಲ್ಲಿ ನಿಂತು ತಾರಸಿಯ ಗಿಡದ್ದೂ ತೆಗೆದ. ಮೊದಲು ಮಾತಾಡಿ, ಆಮೇಲೆ ಅದನ್ನೇ ಬರೆದು ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ ಎಂದಳು ಆಕೆ. ಮಾಲೀಕರು ಕಿವಿಗೇ ಹಾಕಿಕೊಳ್ಳದಿದ್ದರೆ ಮಾತ್ರ ಊರಿನ ಆಡಳಿತ ಕಚೇರಿಗೆ ದೂರು.

ಟೈಲರ್ ಬೀಗಿತ್ತಿಗೆ ಫೋಟೋ ಕಳಿಸಿ ಫೋನ್ ಮಾಡಿದ. ವಿಷಯ ಕೇಳಿ ಬೀಗಿತ್ತಿ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದರು. ಅಷ್ಟರಲ್ಲಿ ಅವನ ಕೂದಲು ಅರ್ಧ ಬೆಳ್ಳಗಾಯಿತು.

“ಆ ಪರದೆ ಹಿಂದೆ ಇದಿತ್ತಾ?” ಎಂದರು ಕೊನೆಗೆ. “ನಾನು ಹೊಗಳಿದಾಗಲಾದ್ರೂ ಹೇಳಬಾರದಿತ್ತಾ, ಬೀಗರೇ? ನಮ್ಮ ಮನೇನೂ ಹಾಳಾಗ್ತಿದೆಯಲ್ಲ.”

ಹಿಂದೆಯೇ ಮಗಳ ದನಿ. “ಅಪ್ಪ, ಅಜ್ಜಿಗೆ ಏನೂ ಆಗಿಲ್ಲ ತಾನೇ? ನನ್ನನ್ನ ಒಂದ್ಮಾತು ಕೇಳಿದ್ರೆ ನಾನೇ ಅತ್ತೆಗೆ ಹೇಳ್ತಿದ್ದೆ.”

ಅದೇ ವಾರ ಬೀಗರು ಕೆಲಸದವರೊಂದಿಗೆ ಬಂದಿಳಿದರು. ಪೈಪು ಬಿಡಿಸಿ, ಗಿಡವನ್ನು ಬೇರುಸಹಿತ ತೆಗೆಸಿ, ಬಿರುಕು ಮುಚ್ಚಿಸಿದರು. ಗೋಡೆ ಪೂರ್ತಿ ಒಣಗಿದ ಮೇಲೆ ಗಾರೆಯನ್ನೂ ತಮ್ಮ ಖರ್ಚಿನಲ್ಲೇ ಮಾಡಿಸಿದರು. ವೈದ್ಯರ ಔಷಧಿಯಿಂದ ತಾಯಿಯ ಕೆಮ್ಮೂ ಹೋಯಿತು. ಈಗ ಬೈಗುಳಕ್ಕೆ ಅಡ್ಡಿಯೇ ಇಲ್ಲ, ಮೂರು ಬೀದಿಗೆ ಕೇಳುತ್ತದೆ. ಬೀಗಿತ್ತಿ ಊರಿಗೆ ಮರಳಿದವರೇ, ತಮ್ಮ ಪರದೆ ಸರಿಸಿ ಗೋಡೆ ಮುಟ್ಟಿ ನೋಡಿದರಂತೆ.

ನೀವೂ ಈಗಲೇ ಎದ್ದು ನಿಮ್ಮ ಗೋಡೆ ಮುಟ್ಟಿ ನೋಡಿ. ಒದ್ದೆಯಿದ್ದರೆ ಮುಚ್ಚಬೇಡಿ; ಫೋಟೋ ತೆಗೆಯಿರಿ, ಪಕ್ಕದವರಿಗೆ ಹೇಳಿ. ನಿಮ್ಮದೇ ಖಾಲಿ ಮನೆ ಎಲ್ಲಾದರೂ ಇದ್ದರೆ ಮಳೆಗೆ ಮುಂಚೆ ಅದರ ತಾರಸಿ ನೋಡಿ ಬನ್ನಿ. ಅದರ ಗೋಡೆಯಾಚೆ ಯಾರದೋ ತಾಯಿಯ ದಿಂಬು ಇದ್ದೀತು.